ನಾಟಿಗೆ ನಾಟಿ, ಪಾಠಕ್ಕೆ ಪಾಠ

ಪೀಂ, ಪೀಂ, ಪೀ...ಂ. ಎರಡು ಸಲ ಗಿಡ್ಡ, ಒಂದು ಸಲ ಉದ್ದ. ಆ ಸ್ಕೂಲ್ ವ್ಯಾನಿನ ಹಾರನ್ ಇವತ್ತಿಗೂ ನನ್ನ ಕಿವಿಯಲ್ಲಿದೆ. ಸೀತೂರಿನಿಂದ ಆಚೆ, ಟಾರು ರಸ್ತೆಯಿಂದ ಮಣ್ಣಿನ ದಾರಿ ಇಳಿಯುವಲ್ಲಿ ಒಂದು ಮೋರಿ ಇತ್ತು. ರಸ್ತೆ ಬದಿಯ ಮನೆಗಳ ಮಕ್ಕಳನ್ನು ಹತ್ತಿಸಿಕೊಳ್ಳಲು ವ್ಯಾನು ಅಲ್ಲಿ ನಿಂತು ಹೀಗೆ ಕೂಗುತ್ತಿತ್ತು. ಕೆಳಗೆ ಹಳ್ಳಿಯಲ್ಲಿ, ಒಂದೇ ಕೋಣೆಯ ಸರ್ಕಾರಿ ಶಾಲೆಯ ಬೀಗ ತೆಗೆಯುತ್ತಿದ್ದ ಟೀಚರ್ ಒಬ್ಬಳ ಕೈ ಆ ಶಬ್ದಕ್ಕೆ ಅಲ್ಲೇ ನಿಂತುಬಿಡುತ್ತಿತ್ತಂತೆ. ಅವಳ ಹೆಸರು ಸುಮಿತ್ರಾ.

ಅದು ಎರಡು ಸಾವಿರದ ಏಳನೆಯ ಇಸವಿ. ಕೊಪ್ಪದ ಒಂದು ಕಾನ್ವೆಂಟ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಾನು ಆಗಷ್ಟೇ ರಿಟೈರ್ ಆಗಿದ್ದೆ. ಆ ವರ್ಷ ಸರ್ಕಾರಿ ಶಾಲೆಗಳಲ್ಲಿಯೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಶುರುವಾಯಿತು. ಕಲಿಸಬೇಕಾದ ಟೀಚರುಗಳು ತಾವೇ ಐದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ಕಂಡವರು. ಅವರಿಗೆ ಟ್ರೈನಿಂಗ್ ಕೊಡಲು ರಿಸೋರ್ಸ್ ಪರ್ಸನ್ ಬೇಕು ಎಂದು ನನ್ನನ್ನು ನರಸಿಂಹರಾಜಪುರಕ್ಕೆ ಕರೆದರು. ಟ್ರೈನಿಂಗ್ ಕೊಡುವುದಷ್ಟೇ ಅಲ್ಲ, ಆಮೇಲೆ ಆ ಶಾಲೆಗಳಿಗೆ ಹೋಗಿ ಪಾಠ ಹೇಗೆ ನಡೆಯುತ್ತಿದೆ ಎಂದು ನೋಡಿಬರುವುದೂ ರಿಸೋರ್ಸ್ ಪರ್ಸನ್ನಿನ ಕೆಲಸ. ಮನೆಯಲ್ಲಿ ಕೂತು ಕ್ರೋಶ ಹೆಣೆಯುವುದಕ್ಕಿಂತ ವಾಸಿ ಎಂದು ಒಪ್ಪಿಕೊಂಡೆ.

ನಾನು ಹುಟ್ಟಿದ್ದು ಕೊಪ್ಪದಲ್ಲಾದರೂ ಓದಿದ್ದೆಲ್ಲ ಮಂಗಳೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ. ಅಲ್ಲಿ ನಮಗೆ ಗ್ರಾಮರ್ ಕಲಿಸಿದ ಸಿಸ್ಟರ್ ಒಬ್ಬರು ಬೋರ್ಡಿನ ಮೇಲೆ ಗೆರೆ ಎಳೆದು, "ಬೋತ್ ಸೈಡ್ಸ್ ಮಸ್ಟ್ ಮ್ಯಾಚ್, ಗರ್ಲ್ಸ್!" ಎನ್ನುತ್ತಿದ್ದರು. ಎರಡು ಕಡೆಯೂ ಹೊಂದಬೇಕು. ಜಡೆಯ ರಿಬ್ಬನ್ನಿಗೂ ಅದೇ ಮಾತು, ವಾಕ್ಯಕ್ಕೂ ಅದೇ ಮಾತು. ನಾನು ಅದನ್ನೇ ನನ್ನ ಮಕ್ಕಳಿಗೆ ಜೀವಮಾನವಿಡೀ ಹೇಳಿಕೊಂಡು ಬಂದವಳು.

ಹಾಗಾಗಿ ಟ್ರೈನಿಂಗಿನಲ್ಲಿ ಒಂದು ಮಧ್ಯಾಹ್ನ ಅದೇ ಪಾಠ ತೆಗೆದುಕೊಂಡೆ. ಓದುಗರಿಗೆ ಸ್ವಲ್ಪ ವಿವರಿಸಬೇಕು. ಇಂಗ್ಲಿಷಿನಲ್ಲಿ ಕೆಲವು ಕಂಜಂಕ್ಷನ್‌ಗಳು ಜೋಡಿಯಾಗಿಯೇ ಬರುತ್ತವೆ: either–or, neither–nor, both–and, not only–but also. ಇವುಗಳಿಗೆ ಕೊರಿಲೇಟಿವ್ ಕಂಜಂಕ್ಷನ್ ಎನ್ನುತ್ತಾರೆ. ಜೋಡಿಯ ಮೊದಲ ಪದದ ನಂತರ ಯಾವ ಜಾತಿಯ ಮಾತು ಬಂತೋ, ಎರಡನೆಯದರ ನಂತರವೂ ಅದೇ ಜಾತಿಯದು ಬರಬೇಕು. ಅಲ್ಲಿ ನಾಮಪದ ಇದ್ದರೆ ಇಲ್ಲಿಯೂ ನಾಮಪದ, ಅಲ್ಲಿ ಕ್ರಿಯಾಪದ ಇದ್ದರೆ ಇಲ್ಲಿಯೂ ಕ್ರಿಯಾಪದ. She likes both singing and to dance ಎಂದರೆ ತಪ್ಪು. Both singing and dancing ಸರಿ. ಇದಕ್ಕೆ ಪ್ಯಾರಲಲ್ ಸ್ಟ್ರಕ್ಚರ್ ಎಂದು ಹೆಸರು.

ಇಷ್ಟನ್ನೂ ಚಂದವಾಗಿ ಹೇಳಿ, ಎಲ್ಲರೂ ಒಂದೊಂದು ವಾಕ್ಯ ಮಾಡಿ ಎಂದೆ. ಹಿಂದಿನ ಬೆಂಚಿನಿಂದ ಸುಮಿತ್ರಾ ಎದ್ದು ನಿಂತಳು. ಮೂವತ್ತೈದರ ಆಸುಪಾಸು, ಗುಂಗುರು ಕೂದಲು, ಗಟ್ಟಿ ದನಿ. "My school has not only children but also leaking," ಎಂದಳು.

ಇಡೀ ಹಾಲ್ ನಕ್ಕಿತು. ಮುಂದಿನ ಸಾಲಿನ ಹೆಡ್ ಮಾಸ್ಟರೊಬ್ಬರು, "ಸೋರದ್ರಲ್ಲಿ ಎಂತ ಗ್ರಾಮರ್ ಮಾರಾಯ್ರೇ, ನಮ್ಮ ಶಾಲೆನೂ ಸೋರ್ತದೆ," ಎಂದರು. ನಾನು ಬೋರ್ಡಿನ ಮೇಲೆ leaking ಅಳಿಸಿ leaks ಎಂದು ಬರೆದೆ. ಆ ಕಡೆ ನಾಮಪದ, ಈ ಕಡೆಯೂ ನಾಮಪದ.

ಸುಮಿತ್ರಾ ಅದನ್ನೇ ನೋಡುತ್ತ, "ಹೆಂಗೆ ಬರೆದ್ರೂ ನೀರು ಬೀಳದು ಬೀಳ್ತದಲ್ಲ ಮೇಡಂ?" ಎಂದಳು. ಮತ್ತೆ ನಗು. ಅವಳೂ ನಕ್ಕಳು. ಆದರೆ ಕೂತ ಮೇಲೆ ಅವಳ ಮುಖ ನೋಡಿದೆ. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೂ ಅರ್ಥವಾಗಿರಲಿಲ್ಲ.

ಟೀ ಬಿಟ್ಟಾಗ ಅವಳೇ ನನ್ನ ಹತ್ತಿರ ಬಂದಳು. ವ್ಯಾನಿನ ವಿಷಯ ಹೇಳಿದ್ದು ಆಗಲೇ. ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನಿನವನು ಇವಳ ಊರಿನವರಿಗೆ ಒಂದು ಮಾತು ಹೇಳಿ ಹೋಗಿದ್ದ: ಒಂದಿಬ್ಬರು ಮಕ್ಕಳಿಗಾಗಿ ಆ ಮಣ್ಣು ದಾರಿಗೆ ಗಾಡಿ ಇಳಿಸುವುದಿಲ್ಲ, ಊರಿನ ಎಲ್ಲ ಮಕ್ಕಳೂ ಬರುವುದಾದರೆ ಮನೆ ಬಾಗಿಲಿಗೇ ಬರುತ್ತೇನೆ. ಊರಿನವರು ಯೋಚನೆ ಮಾಡುತ್ತಿದ್ದರು.

"ಎಲ್ಲ ಹೋದ್ರೆ ಶಾಲೆ ಮುಚ್ತಾರೆ ಮೇಡಂ. ನಂಗೆ ಬೇರೆ ಕಡೆ ಪೋಸ್ಟಿಂಗ್ ಸಿಗ್ತದೆ, ಅದು ತೊಂದ್ರೆ ಇಲ್ಲ. ಆದ್ರೆ ಆ ಶಾಲೆ ಶುರುವಾದಾಗಿಂದ ಅಲ್ಲಿರೋಳು ನಾನೇ. ನಾನು ಹೋಗೋ ಹೊತ್ತಿಗೆ ಬಾಗಿಲು ತೆಕ್ಕೊಂಡಿರಬೇಕು. ಅಷ್ಟೇ ನನ್ನ ಆಸೆ," ಎಂದಳು. ಆಮೇಲೆ, "ಒಂದಿನ ಬನ್ನಿ. ನೀವು ಕಾನ್ವೆಂಟಿನೋರು. ನೀವೊಂದು ಮಾತು ಹೇಳಿದ್ರೆ ಕೇಳ್ತಾರೆ."

ಜುಲೈನಲ್ಲಿ ಹೋದೆ. ಮೋರಿಯ ಹತ್ತಿರ ಜೀಪಿನಿಂದ ಇಳಿದು, ಕೊಡೆ ಹಿಡಿದು, ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಶಾಲೆಯಲ್ಲಿ ಯಾರೂ ಇಲ್ಲ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ "ಗದ್ದೆಯಲ್ಲಿ ಪರಿಸರ ಪಾಠ" ಎಂದು ಬರೆದಿತ್ತು. ಹುಡುಕಿಕೊಂಡು ಹೋದರೆ ಊರಿಗೆ ಊರೇ ಮಂಜಪ್ಪ ಎಂಬುವವರ ಗದ್ದೆಯಲ್ಲಿತ್ತು. ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಸಾಲಾಗಿ ನಿಂತು ಸಸಿ ನೆಡುತ್ತಿದ್ದರು. ಮಕ್ಕಳು ಅಂಚಿನ ಮೇಲೆ, ಸುಮಿತ್ರಾ ಮಕ್ಕಳ ಜೊತೆ. ಊರಿಗೆ ಹಿರಿಯರಾದ ಮಂಜಪ್ಪನವರು ಬದುವಿನ ಮೇಲೆ ನಿಂತು, ಒಂದು ಸಸಿಯನ್ನೂ ಮುಟ್ಟದೆ, ಎಲ್ಲರಿಗೂ ಸಲಹೆ ಕೊಡುತ್ತಿದ್ದರು.

ನಾನು ಹೋದ ಹೊತ್ತಿಗೆ ಅಲ್ಲೊಂದು ಜಗಳ ನಡೆದಿತ್ತು. ನೆರೆಮನೆಯ ಗಂಡಸೊಬ್ಬ ಬುಟ್ಟಿ ಹಿಡಿದು ನಿಂತಿದ್ದ. ಅವನ ಹೆಂಡತಿಗೆ ಸೊಂಟ ನೋವು. ಅವಳ ಬದಲಿಗೆ ತಾನು ಸಸಿ ಕಟ್ಟು ಹೊರುತ್ತೇನೆ ಎನ್ನುತ್ತಿದ್ದ. ಮಂಜಪ್ಪನವರ ಹೆಂಡತಿ ಜಯಕ್ಕ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಸೊಂಟದ ಮೇಲೆ ಕೈ ಇಟ್ಟಿದ್ದರು.

"ಕಟ್ಟು ಹೊರಕ್ಕೆ ನಮ್ಮನೇಲಿ ಗಂಡಸ್ರಿಲ್ವನಾ? ಹೋದ ವಾರ ನಿಮ್ಮ ಗದ್ದೇಲಿ ನಾನು ಹೊತ್ತಿದ್ನಾ, ನೆಟ್ಟಿದ್ನಾ?"

"ನೆಟ್ಟಿದ್ದೆ ಮಾರಾಯ್ತಿ. ಯಾರು ಇಲ್ಲ ಅಂದ್ರು?"

"ಹಂಗಾದ್ರೆ ನೆಡೋ ಕೈ ಬರ್ಲಿ. ನಾಟಿಗೆ ನಾಟಿ, ಹೂಟಿಗೆ ಹೂಟಿ. ಇಲ್ದಿದ್ರೆ ನೀನೇ ಸೀರೆ ಉಟ್ಕಂಡು ಸಾಲಿಗೆ ನಿಲ್ಲು."

ಸಾಲಿನ ಹೆಂಗಸರೆಲ್ಲ ಕೇಕೆ ಹಾಕಿದರು. ಅವನು ನಾಚಿ, ಬುಟ್ಟಿ ಇಟ್ಟು, ಪಂಚೆ ಎತ್ತಿ ಕಟ್ಟಿ ಸಾಲಿಗೆ ಇಳಿದೇಬಿಟ್ಟ. ಅವನು ನೆಟ್ಟ ಸಾಲು ಹಾವಿನ ಹಾಗೆ ಹೋಗುತ್ತಿತ್ತು.

ಇದೇನು ಎಂದು ಸುಮಿತ್ರಾಳನ್ನು ಕೇಳಿದೆ. "ಮುಯ್ಯಾಳು ಮೇಡಂ," ಎಂದಳು. ಕೂಲಿ ಕೊಟ್ಟು ಆಳು ಕರೆಯುವುದಲ್ಲ. ಇವತ್ತು ನಿಮ್ಮ ಮನೆಯವರು ನನ್ನ ಗದ್ದೆಗೆ, ನಾಳೆ ನಾನು ನಿಮ್ಮ ಗದ್ದೆಗೆ. ಪಡೆದ ಕೆಲಸವನ್ನು ಅದೇ ಜಾತಿಯ ಕೆಲಸದಿಂದ ತೀರಿಸಬೇಕು. ನೆಟ್ಟವರಿಗೆ ನೆಟ್ಟು, ಉತ್ತವರಿಗೆ ಉತ್ತು.

ಕೊಡೆ ಕೆಳಗೆ ನಿಂತಿದ್ದ ನನಗೆ ಬೋರ್ಡಿಂಗಿನ ಆ ಸಿಸ್ಟರ್ ನೆನಪಾದರು. "ಸುಮಿತ್ರಾ! ಇದೇ ಅಲ್ಲವಾ ನಾನು ಅವತ್ತು ಹೇಳಿದ್ದು? not only ಆದಮೇಲೆ ಬಂದದ್ದು ನಾಟಿ. but also ಆದಮೇಲೂ ನಾಟಿಯೇ ಬರಬೇಕು."

ಸುಮಿತ್ರಾ ಗದ್ದೆಯನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣು ಅಗಲವಾಯಿತು. "ಅಂದ್ರೆ ನಾನು ಅವತ್ತು ನಾಟಿಗೆ ಬುಟ್ಟಿ ಕಳ್ಸಿದ್ದೆ!" ಎಂದು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಅಲ್ಲೇ ನಿಂತು ವಾಕ್ಯ ಕಟ್ಟತೊಡಗಿದಳು. Jayakka not only plants but also scolds. ನೆಡುತ್ತಾರೆ, ಬಯ್ಯುತ್ತಾರೆ. ಎರಡೂ ಕಡೆ ಕ್ರಿಯಾಪದ. ಪರ್ಫೆಕ್ಟ್!

ಊಟದ ಹೊತ್ತಿಗೆ ಎಲ್ಲರೂ ಬದುವಿಗೆ ಬಂದರು. ನನಗೂ ಎಲೆಯಲ್ಲಿ ಕಡುಬು, ಚಟ್ನಿ ಸಿಕ್ಕಿತು. ತಿನ್ನುತ್ತಿರುವಾಗ ಮಂಜಪ್ಪನವರು ಗಂಟಲು ಸರಿಮಾಡಿಕೊಂಡರು.

"ಮೇಡಂ, ನೀವು ಬಂದಿದ್ದು ಒಳ್ಳೇದಾತು. ನಮ್ಮದು ಮುಯ್ಯಾಳಿನ ಊರು. ಒಂದು ಮನೆ ಮಕ್ಕಳು ಒಂದು ಕಡೆ, ಇನ್ನೊಂದು ಮನೆ ಮಕ್ಕಳು ಇನ್ನೊಂದು ಕಡೆ ಅಂದ್ರೆ ಆಗದಿಲ್ಲ. ಹೋದ್ರೆ ಎಲ್ಲ ಹೋಗ್ಬೇಕು, ಇದ್ರೆ ಎಲ್ಲ ಇರ್ಬೇಕು. ವ್ಯಾನಿನವಂಗೆ ಈ ವಾರ ಹೇಳ್ಬೇಕು. ಕಾನ್ವೆಂಟು ಕಂಡೋರು ನೀವು. ನೀವೇ ಹೇಳಿ, ಎಲ್ಲಿಗೆ ಕಳ್ಸದು?"

ಸುಮಿತ್ರಾ ತಿನ್ನುವುದನ್ನು ನಿಲ್ಲಿಸಿದ್ದಳು. ನನಗೆ ಇಕ್ಕಟ್ಟಿಗಿಟ್ಟುಕೊಂಡಿತು. ಕಾನ್ವೆಂಟಿನ ಅನ್ನ ತಿಂದವಳು ಕಾನ್ವೆಂಟು ಕೆಟ್ಟದ್ದು ಎನ್ನಲಾರೆ. ಇವಳ ಶಾಲೆ ಸಾಕು ಎಂದರೆ ಮಕ್ಕಳಿಗೆ ಸುಳ್ಳು ಹೇಳಿದ ಹಾಗೆ. ಮೀಟಿಂಗುಗಳಲ್ಲಿ ಕಲಿತ ನಯವಾದ ದನಿಯಲ್ಲಿ, "ನೋಡಿ, ಎರಡೂ ಶಾಲೆಗಳಲ್ಲಿ ಅವುಗಳದ್ದೇ ಆದ..." ಎಂದು ಶುರು ಮಾಡಿದೆ.

ಜಯಕ್ಕ ಮಧ್ಯೆ ಬಾಯಿ ಹಾಕಿದರು. "ಅಂಚಿನ ಮೇಲೆ ನಿಂತ್ಕಂಡು ಒಂದು ಕಾಲು ಆ ಗದ್ದೆಗೆ, ಒಂದು ಕಾಲು ಈ ಗದ್ದೆಗೆ ಇಡಬೇಡಿ ಮೇಡಂ. ಜಾರ್ತೀರಿ."

ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕ ಮೇಲೆ ನಿಜ ಹೇಳುವುದು ಸುಲಭವಾಯಿತು. "ಇವತ್ತಿನ ಮಟ್ಟಿಗೆ ನಿಮ್ಮ ಟೀಚರ ಇಂಗ್ಲಿಷ್ ಸಾಲದು," ಎಂದೆ. ಸುಮಿತ್ರಾ ತಲೆ ತಗ್ಗಿಸಿದಳು. "ಆದರೆ ಯಾರಾದರೂ ಒಂದು ವರ್ಷ ಜೊತೆಗೆ ಕೂತರೆ ಸಾಕಾಗುತ್ತದೆ. ಕಲಿಸುವುದು ಅವಳಿಗೆ ಗೊತ್ತಿದೆ. ಭಾಷೆ ಒಂದು ಬರಬೇಕು. ಪೇಟೆಯ ಶಾಲೆಯಲ್ಲಿ ಭಾಷೆ ಇದೆ, ಆದರೆ ನಿಮ್ಮ ಮಕ್ಕಳ ಒಬ್ಬೊಬ್ಬರ ಹೆಸರು ಹಿಡಿದು ಗದ್ದೆಗೆ ಕರೆತರುವ ಟೀಚರ್ ಸಿಗಲಿಕ್ಕಿಲ್ಲ."

"ಯಾರು ಕೂರದು ಒಂದು ವರ್ಷ?" ಜಯಕ್ಕ ಕೇಳಿದರು.

"ನಾನೇ," ಎಂದುಬಿಟ್ಟೆ. ಹೇಳುವವರೆಗೂ ನನಗೇ ಗೊತ್ತಿರಲಿಲ್ಲ.

"ಸಂಬಳ?" ಮಂಜಪ್ಪನವರು ಕೇಳಿದರು.

"ಏನೂ ಬೇಡ. ಫ್ರೀ."

ನಾನು ಥ್ಯಾಂಕ್ಸ್ ನಿರೀಕ್ಷಿಸಿದ್ದೆ. ಮಂಜಪ್ಪನವರು ತಲೆ ಅಲ್ಲಾಡಿಸಿದರು. "ಅದಾಗದಿಲ್ಲ. ಬಿಟ್ಟಿ ಬಂದೋರು ಯಾವತ್ತು ಬೇಕಾದ್ರೂ ಬಿಟ್ಟು ಹೋಗ್ತಾರೆ. ಅವರನ್ನ ಯಾಕೆ ಬರ್ಲಿಲ್ಲ ಅಂತ ಕೇಳಕ್ಕೂ ನಮಗೆ ಬಾಯಿರದಿಲ್ಲ. ಮುಯ್ಯಿ ಆದ್ರೆ ಕೊಟ್ಟ ಮಾತು ಅಂತ ಇರ್ತದೆ."

ಒಬ್ಬರು ಅಕ್ಕಿ ಎಂದರು, ಇನ್ನೊಬ್ಬರು ಬಾಳೆಗೊನೆ ಎಂದರು. ಜಯಕ್ಕ ಬಿಡಲಿಲ್ಲ. "ನಾಟಿಗೆ ಬಾಳೆಗೊನೆ ತಗಳ್ತೀರನಾ? ಕಲಿಸದಕ್ಕೆ ಕಲಿಸದೇ ಆಗ್ಬೇಕು. ಮೇಡಂ, ನಿಮ್ಮ ಕಡೆ ಯಾರಿಗೂ ಎಂತದೂ ಕಲಿಯದು ಬಾಕಿ ಇಲ್ವಾ?"

ಇತ್ತು. ಕೊಪ್ಪದ ನನ್ನ ಮನೆ ಜಗಲಿಗೆ ಕಾನ್ವೆಂಟಿನ ಕೆಲವು ಮಕ್ಕಳು ಟ್ಯೂಷನ್‌ಗೆ ಬರುತ್ತಿದ್ದರು. ಇಂಗ್ಲಿಷಿನಲ್ಲಿ ಪಟಪಟ ಅನ್ನುವ ಆ ಮಕ್ಕಳು ಕನ್ನಡ ಪೇಪರ್ ಕಂಡರೆ ಅಳುತ್ತಿದ್ದರು. ಅವರಿಗೆ ಹೇಳಿಕೊಡಲು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ನನ್ನ ಕನ್ನಡವೇ ಬೋರ್ಡಿಂಗಿನ ರಜೆಯಲ್ಲಿ ಕಲಿತ ಕನ್ನಡ. ಹಾಗೆಂದು ಹೇಳಿದೆ. ಸುಮಿತ್ರಾ ತಲೆ ಎತ್ತಿದಳು.

"ಕನ್ನಡನಾ? ಕನ್ನಡ ನಾನು ಕಲಿಸ್ತೀನಿ ಮೇಡಂ!"

ಅಲ್ಲಿಗೆ ಮುಗಿಯಿತು. ಒಂದು ಶನಿವಾರ ಮಧ್ಯಾಹ್ನ ನಾನು ಅವಳ ಊರಿಗೆ, ಮುಂದಿನ ವಾರದ ಭಾನುವಾರ ಅವಳು ಕೊಪ್ಪಕ್ಕೆ. ಮುಂದಿನ ವರ್ಷದ ನಾಟಿಯವರೆಗೆ; ಆಗ ಮಕ್ಕಳ ಇಂಗ್ಲಿಷ್ ಕೇಳಿ ಊರಿನವರು ತೀರ್ಮಾನ ಮಾಡುವುದು. ಮಂಜಪ್ಪನವರು ಒಂದು ಷರತ್ತು ಹಾಕಿದರು: ಇಬ್ಬರಲ್ಲಿ ಯಾರು ಸರದಿ ತಪ್ಪಿಸಿದರೂ ಮರುದಿನವೇ ವ್ಯಾನಿಗೆ ಹೇಳುತ್ತೇವೆ.

ಆ ವರ್ಷವನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ. ಸುಮಿತ್ರಾಳ ಶಾಲೆಯಲ್ಲಿ ಮಕ್ಕಳು ಇಲ್ಲದ ಮಧ್ಯಾಹ್ನ ನಾವಿಬ್ಬರೂ ಆ ಪುಟ್ಟ ಬೆಂಚುಗಳ ಮೇಲೆ ಕಷ್ಟಪಟ್ಟು ಕೂರುತ್ತಿದ್ದೆವು. ಅವಳು ತಪ್ಪು ವಾಕ್ಯ ಹೇಳಿದರೆ ನಾನು "ಬುಟ್ಟಿ!" ಎನ್ನುತ್ತಿದ್ದೆ. ಅಷ್ಟೇ ಸಾಕು. He is neither a farmer nor works in a shop. ಬುಟ್ಟಿ! ಅವಳು ಕಣ್ಣು ಮುಚ್ಚಿ ಯೋಚಿಸಿ, neither a farmer nor a shopkeeper ಎನ್ನುತ್ತಿದ್ದಳು. ಇನ್ನೊಂದು ತಪ್ಪೂ ಅವಳಿಗಿತ್ತು, ನನ್ನ ಕಾನ್ವೆಂಟಿನ ಮಕ್ಕಳಿಗೂ ಇತ್ತು: ಜೋಡಿ ಪದವನ್ನು ಅದರ ಜಾಗದಲ್ಲಿ ಇಡದೆ ಮೊದಲೇ ಇಟ್ಟುಬಿಡುವುದು. I either want tea or coffee ಎನ್ನುವುದು. either ನಂತರ want ಬಂತು, or ನಂತರ coffee ಬಂತು; ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ನಾಮಪದ. I want either tea or coffee ಎಂದರೆ ಎರಡು ಕಡೆಯೂ ಕುಡಿಯುವ ಪದಾರ್ಥ. ಸುಮಿತ್ರಾ ಅದಕ್ಕೊಂದು ಮಾತು ಮಾಡಿಕೊಂಡಳು: "ಸಾಲು ಎಲ್ಲಿ ಶುರುವಾಗ್ತದೋ ಅಲ್ಲೇ ಹೋಗಿ ನಿಲ್ಬೇಕು. ಬದುವಿನ ಮೇಲೇ ಬಗ್ಗಿ ನೆಟ್ರೆ ಹೆಂಗೆ?"

ಕೊಪ್ಪದಲ್ಲಿ ನನ್ನ ಜಗಲಿಯ ಮಕ್ಕಳು ಅವಳನ್ನು "ಕನ್ನಡ ಮಿಸ್" ಎಂದರು. ಅವಳು ಅವರಿಗೆ ನಮ್ಮ ಭಾಷೆಯ ಜೋಡಿಗಳನ್ನು ತೋರಿಸಿದಳು. both–and ಎನ್ನುವಲ್ಲಿ ನಮಗೆ ಬರೀ ಎರಡು "ಊ" ಸಾಕು: ಹಾಲೂ ಬೇಕು, ಮೊಸರೂ ಬೇಕು. neither–nor ಎನ್ನಲು ಅದೇ "ಊ"ಗೆ ಒಂದು "ಇಲ್ಲ" ಸೇರಿಸಿದರಾಯಿತು: ಹಾಲೂ ಇಲ್ಲ, ಮೊಸರೂ ಇಲ್ಲ. ನಾನೂ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಕಲಿತೆ. ಒಂದು ದಿನ ನಾನು ಬರೆದ ಕನ್ನಡ ಪ್ಯಾರಾಗ್ರಾಫ್ ಓದಿ, "ನಿಮ್ಮ ವಾಕ್ಯದ ತುದಿಗೆ ಹೋಗೋಷ್ಟರಲ್ಲಿ ನನ್ನ ಬಸ್ಸು ಹೋಗಿರ್ತದೆ ಮಾರಾಯ್ರೇ," ಎಂದಳು. ಈ ಬರಹದಲ್ಲಿ ವಾಕ್ಯಗಳು ಗಿಡ್ಡ ಇದ್ದರೆ ಅದಕ್ಕೆ ಕಾರಣ ಅವಳು.

ಸರದಿ ತಪ್ಪಿಯೇ ಹೋಯಿತು ಎನ್ನುವಂಥ ದಿನ ಒಂದು ಬಂತು. ಆಗಸ್ಟಿನ ಒಂದು ಶನಿವಾರ, ಗಾಳಿಮಳೆ. ಸೀತೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆಗೆ ಅಡ್ಡಲಾಗಿ ದೊಡ್ಡ ಮರ ಬಿದ್ದಿತ್ತು. ಜೀಪಿನವನು ಇಂಜಿನ್ ಆಫ್ ಮಾಡಿದ. ಹತ್ತಿ ದಾಟುವ ವಯಸ್ಸು ನನ್ನದಲ್ಲ. ವಾಪಸ್ ಹೋದರೆ ನಾಳೆಯೇ ವ್ಯಾನಿನವನಿಗೆ ಮಾತು ಹೋಗುತ್ತದೆ. ಆ ಕಡೆಗೆ ಹೊರಟಿದ್ದ ಹಾಲಿನವನೊಬ್ಬ ಮರ ಹತ್ತಿ ದಾಟುತ್ತಿದ್ದ. ಅವನ ಕೈಯಲ್ಲಿ ಸುಮಿತ್ರಾಗೆ ಹೇಳಿಕಳಿಸಿ ಜೀಪಿನಲ್ಲೇ ಕೂತೆ.

ಮಳೆ ಸಣ್ಣಗಾಗುವ ಹೊತ್ತಿಗೆ ಮರದ ಆಚೆ ಕಡೆಯಿಂದ ದನಿ ಕೇಳಿತು. "ಮೇಡಂ, ಇದ್ದೀರಾ?" ಸುಮಿತ್ರಾ ಬಂದಿದ್ದಳು. ಅವಳ ಜೊತೆ ಮಂಜಪ್ಪನವರು. ಕೊಂಬೆಗಳ ಸಂದಿಯಲ್ಲಿ ಅವರ ಕೊಡೆ ಮಾತ್ರ ಕಾಣುತ್ತಿತ್ತು. ಪಾಠ ಅಲ್ಲೇ ನಡೆಯಿತು. ಮರದ ಈ ಕಡೆ ನಾನು ಕೂಗಿದೆ, ಆ ಕಡೆ ಅವಳು ಕೂಗಿದಳು. ಜೀಪಿನ ಡ್ರೈವರ್‌ಗೂ neither–nor ಬಂತು. ಕೊನೆಗೆ ಮಂಜಪ್ಪನವರು ಆಚೆಯಿಂದ, "ಸಾಕು ಮೇಡಂ, ಹೋಗಿ. ಇವತ್ತಿನದು ಜಮಾ ಆತು. ನಿಮ್ಮ ಗಂಟ್ಲು ಬಿದ್ದೋದ್ರೆ ಮುಂದಿನ ಸರದಿಗೆ ನಾವೆಲ್ಲಿ ಹೋಗದು?" ಎಂದರು. ಆ ಮನುಷ್ಯನಿಗೆ ವ್ಯಾನು ಬೇಕಿಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು.

ಆದರೂ ಮಾತು ಮಾತೇ. ಮುಂದಿನ ವರ್ಷದ ನಾಟಿಗೆ ಮತ್ತೆ ಅದೇ ಗದ್ದೆಯ ಬದುವಿಗೆ ಹೋದೆ. ಸುಮಿತ್ರಾ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರೈಮ್ಸ್ ಹೇಳಿಸಲಿಲ್ಲ. "ಹೋಗಿ, ನಿಮ್ಮ ನಿಮ್ಮ ಮನೆಯೋರ ಹತ್ರ ಇಂಗ್ಲಿಷಲ್ಲಿ ಮಾತಾಡಿ ಬನ್ನಿ," ಎಂದು ಬಿಟ್ಟುಬಿಟ್ಟಳು. ಮಕ್ಕಳು ಗದ್ದೆ ತುಂಬ ಓಡಿದರು. ಮಂಜಪ್ಪನವರು ಎಂದಿನಂತೆ ಬದುವಿನ ಮೇಲೆ ನಿಂತು, ಸಾಲು ಸೊಟ್ಟ, ಸಸಿ ದಪ್ಪ ಎಂದು ಹೇಳುತ್ತಿದ್ದರು. ಅವರ ಮೊಮ್ಮಗಳು ಕಾವ್ಯ, ನಾಲ್ಕನೇ ಕ್ಲಾಸು, ಹೋಗಿ ಅವರ ಎದುರು ನಿಂತಳು.

"Grandfather, either plant or sit!"

"ಎಂತ ಅಂದ್ಲು ಮೇಡಂ?" ಎಂದು ಜಯಕ್ಕ ಕೇಳಿದರು. ನೆಡು, ಇಲ್ಲವೇ ಕೂರು ಎಂದಳು ಎಂದೆ. ಜಯಕ್ಕ ನಕ್ಕ ನಗುವಿಗೆ ಕೈಯಲ್ಲಿದ್ದ ಸಸಿ ಕಟ್ಟು ಕೆಸರಿಗೆ ಬಿತ್ತು. "ಮೂವತ್ತು ವರ್ಷದಿಂದ ನಾನು ಕನ್ನಡದಲ್ಲಿ ಹೇಳ್ತಿದೀನಿ, ಕೇಳ್ಲಿಲ್ಲ. ಈಗ ಇಂಗ್ಲಿಷಲ್ಲಿ ಕೇಳಿ!"

ಮಂಜಪ್ಪನವರು ಮೊಮ್ಮಗಳನ್ನು ನೋಡಿದರು. ಪಂಚೆ ಎತ್ತಿ ಕಟ್ಟಿದರು. ಗದ್ದೆಗೆ ಇಳಿದು, ಒಂದು ಸಸಿ ಕಟ್ಟು ತೆಗೆದುಕೊಂಡು, ಬೆನ್ನು ಬಗ್ಗಿಸುವ ಮುಂಚೆ ಸುಮಿತ್ರಾ ಕಡೆ ತಿರುಗಿ, "ಟೀಚ್ರೇ, ವ್ಯಾನಿನವಂಗೆ ಬರದು ಬೇಡ ಅಂತ ಹೇಳಿ," ಎಂದರು. ಸುಮಿತ್ರಾ ಚಪ್ಪಲಿ ಬಿಟ್ಟು ತಾನೂ ಸಾಲಿಗೆ ಇಳಿದಳು.

ಹೊರಡುವಾಗ ನಾನು ಜಯಕ್ಕನಿಗೆ, "ಅಲ್ಲಿಗೆ ಲೆಕ್ಕ ಸರಿಹೋಯಿತು," ಎಂದೆ. ಅವರು ಕೆಸರು ಕೈ ಆಡಿಸಿದರು. "ಸರಿಹೋಗ್ಬಾರ್ದು ಮೇಡಂ. ಮುಯ್ಯಿ ಪೂರ್ತಿ ತೀರಿಸ್ಬಾರ್ದು. ಯಾರದ್ದಾದ್ರೂ ಒಂದಾಳು ಬಾಕಿ ಇದ್ರೆ ಮುಂದಿನ ವರ್ಷ ಮನೆ ಬಾಗ್ಲಿಗೆ ಬರಕ್ಕೆ ನೆಪ ಇರ್ತದೆ."

ಮೋರಿಯ ಹತ್ತಿರ ವ್ಯಾನು ಎಂದಿನಂತೆ ಬರುತ್ತಿತ್ತು, ಎಂದಿನಂತೆ ಕೂಗುತ್ತಿತ್ತು, ಟಾರು ರಸ್ತೆಯಲ್ಲೇ ಮುಂದೆ ಹೋಗುತ್ತಿತ್ತು. ಸುಮಿತ್ರಾ ಹೇಳಿದಳು, ಈಗ ಅದು ಕೂಗಿದರೆ ಪ್ರೇಯರ್‌ಗೆ ಗಂಟೆ ಹೊಡೆಯುತ್ತೇನೆ, ಗಡಿಯಾರ ನೋಡುವ ಕೆಲಸ ಉಳಿಯಿತು ಎಂದು.

ಅಷ್ಟು ವರ್ಷ ಪಾಠ ಮಾಡಿಯೂ, ಕಲಿಸುವುದೆಂದರೆ ಮೇಲಿನಿಂದ ಕೆಳಗೆ ಸುರಿಯುವುದು ಎಂದೇ ನಾನು ತಿಳಿದಿದ್ದೆ. ಒಂದು ಕಡೆ ಕೊಡುವವಳು, ಇನ್ನೊಂದು ಕಡೆ ಪಡೆಯುವವರು. ಹಾಗೆ ಕೊಟ್ಟದ್ದನ್ನು ಜನ ಕೈಮುಗಿದು ತೆಗೆದುಕೊಂಡು ಪಕ್ಕಕ್ಕೆ ಇಡುತ್ತಾರೆ. ತಾವೂ ಅಷ್ಟೇ ತೂಕದ್ದನ್ನು ತಿರುಗಿ ಕೊಡಬಹುದು ಎಂದು ಗೊತ್ತಾದರೆ ಮಾತ್ರ ಮನಸಾರೆ ಕಲಿಯುತ್ತಾರೆ. ಬೋತ್ ಸೈಡ್ಸ್ ಮಸ್ಟ್ ಮ್ಯಾಚ್.

ಸುಮಿತ್ರಾಳನ್ನು ನಾನು ಕೊನೆಯ ಸಲ ನೋಡಿದ್ದು ಎರಡು ಸಾವಿರದ ಒಂಬತ್ತರಲ್ಲಿ, ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ. ಅವಳಿಗೆ ಶೃಂಗೇರಿಯ ಆಚೆ, ಕಿಗ್ಗದ ಕಡೆಯ ಶಾಲೆಗೆ ವರ್ಗವಾಗಿತ್ತು. ಹಳ್ಳಿಯ ಶಾಲೆಯ ಬೀಗದ ಕೈಯನ್ನು ಹೊಸ ಟೀಚರಿಗೆ ಕೊಟ್ಟು ಬಂದಿದ್ದಳು. ಬಾಗಿಲು ತೆರೆದೇ ಇತ್ತು. ಗಡುವು ಮುಗಿದ ಮೇಲೂ ನಾವು ಸರದಿ ನಿಲ್ಲಿಸಿರಲಿಲ್ಲ; ಹಿಂದಿನ ದಿನ ಭಾನುವಾರ ನನ್ನ ಜಗಲಿಯಲ್ಲಿ ಮಕ್ಕಳಿಗೆ ಕೊನೆಯ ಕನ್ನಡ ಪಾಠ ಮಾಡಿ, ರಾತ್ರಿ ನಮ್ಮ ಮನೆಯಲ್ಲೇ ಉಳಿದಿದ್ದಳು. ಬಸ್ಸು ಹೊರಡುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು: "Madam! Either you come to Kigga or I come to Koppa!"

"ಸರದಿ ನನ್ನದು!" ಎಂದು ನಾನೂ ಕೂಗಿದೆ.

"ಬಾಕಿ ಇರ್ಲಿ ಮೇಡಂ!" ಎಂದಳು. ನಗುತ್ತಿದ್ದಳು. ಬಸ್ಸು ಶೃಂಗೇರಿ ರಸ್ತೆಗೆ ತಿರುಗುವವರೆಗೂ ಆ ಗುಂಗುರು ಕೂದಲು ಕಿಟಕಿಯ ಹೊರಗೇ ಇತ್ತು.